ದುಖಾನಿನ ಲೆಕ್ಕ

ದುಖಾನ್ ಅಂದರೆ ಅರಬ್ಬಿಯಲ್ಲಿ ಹೊಗೆ.
ಫೋನಿನಲ್ಲಿ ಅಮ್ಮನಿಗೆ ಅದು ದುಕಾನು ಅಂತಲೇ ಕೇಳುತ್ತದೆ.
"ಎಂತ ಮಾರ್ತೆ ಮಗಾ ಅಲ್ಲಿ?"
ಮಾರುವುದಲ್ಲ ಅಮ್ಮಾ, ಕೆರೆಯುವುದು.

ಮೊದಲ ಎಣ್ಣೆಬಾವಿ ಕೊರೆಸಿದ ದೊರೆಯ ಮನೆ,
ಕಡಲಿಗೆ ಬೆನ್ನು, ಬಾವಿಯ ಕಡೆ ಮುಖ.
ಬರುವ ಚಳಿಗಾಲಕ್ಕೆ ಮ್ಯೂಸಿಯಂ.
ಹಾಲು, ಮೊಗಸಾಲೆ, ನಕ್ಷೆಯ ಕೋಣೆ ಇಟಲಿಯವರಿಗೆ;
ಅಡುಗೆಕೋಣೆ ನನಗೆ, ಪೇಶಾವರದ ಗುಲ್‌ಜಮಾನನಿಗೆ,
ಎರಡು ಪಟ್ಟಿಕತ್ತಿ, ಒಂದು ಏಣಿ.

ಬಿಳಿಯ ಕೆಳಗೆ ಹಳದಿ,
ಹಳದಿಯ ಕೆಳಗೆ ಆಸ್ಪತ್ರೆಯ ಹಸಿರು,
ಆಮೇಲೆ ಒಲೆಯ ಮಸಿ, ಮತ್ತೆ ಬಿಳಿ.
ಎಂಟನೆಯ ಪದರದಲ್ಲಿ ಬರೀ ಸುಣ್ಣ.
ಸುಣ್ಣದ ಮೇಲೆ ಪೆನ್ಸಿಲ್ಲು.

ಇಂಜಿನಿಯರ್ ರಿಫಾತ್ ಓಡಿ ಬಂದ, ಕನ್ನಡಕ ಹಣೆಗೇರಿಸಿ
ಗೋಡೆಗೆ ಮೂಗು ತಾಗಿಸಿ ಓದಿದ:
"ಖಮ್ಸಾ. ಖಮ್ಸಾ. ಖಮ್ಸಾ.
ಐದು, ಐದು, ಐದು. ಬಾವಿಯ ಆಳದ ಲೆಕ್ಕವೇ ಇರಬೇಕು!"
ಅವರ ಐದು, ನಮ್ಮ ಸೊನ್ನೆಯ ಹಾಗೇ ದುಂಡಗೆ.

ಅಲ್ಲ ಸಾಹೇಬರೇ.

ಉದಾಕ್ ೧೨ ಡಬ್ಬಿ.
ಉದಾಕ್ ೧೧.
ಉದಾಕ್ ೭, ಒಂದು ತೂತು.
ಮಾತು ಕೊಂಕಣಿ, ಅಕ್ಷರ ಕನ್ನಡ.
ಗಂಗೊಳ್ಳಿಯ ಇಗರ್ಜಿ ಬೀದಿಯಲ್ಲಿ ಗೋಲಿಯಾಡಿದವನಿಗೆ
ಯಾರೂ ಅರ್ಥ ಹೇಳಿಕೊಡಬೇಕಿಲ್ಲ.
ನೀರು.
ದೋಣಿಯಲ್ಲಿ ಬಂದ ಸಿಹಿನೀರು.
ದೊರೆಯ ಸ್ನಾನಕ್ಕೆ ೪, ದೊರೆಸಾನಿಯ ಗುಲಾಬಿಗೆ ೧,
ಕೂಲಿ ಲೈನಿಗೆ ಎಷ್ಟೆಂದು ಬರೆದು, ಉಜ್ಜಿ, ಮತ್ತೆ ಬರೆದು
ಮತ್ತೆ ಉಜ್ಜಿದ ಗುರುತು.
ಆಮೇಲೆ ಉದಾಕ್ ೩.
ಆಮೇಲೆ ಗಾಳಿ ಎದ್ದಿರಬೇಕು, ದೋಣಿ ಬಂದಿಲ್ಲ:
೦
೦
೦
ಮೂರನೆಯ ಸೊನ್ನೆಯಲ್ಲಿ ಪೆನ್ಸಿಲಿನ ಮೊನೆ ಮುರಿದಿದೆ.

"ಬೋರ್ಡಿಗೆ ಒಂದು ಹೆಸರು ಬೇಕು," ಅಂದ ರಿಫಾತ್.
ಬಸ್ತ್ಯಾಂವ್ ಅನ್ನಬಹುದಿತ್ತು, ಲಾದ್ರು ಅನ್ನಬಹುದಿತ್ತು,
ಬೀದಿಯ ತುಂಬ ಅಂಥ ಅಜ್ಜಂದಿರಿದ್ದರು, ಹಡಗಿನ ಕುಶಿನಿಯಲ್ಲಿ ಕೈ ಸುಟ್ಟುಕೊಂಡವರು.
ಬಾಯಿವರೆಗೆ ಬಂತು.
ಗೋಡೆಯಲ್ಲಿ ಇಲ್ಲದ್ದನ್ನು ನಾನು ಬರೆಯಿಸಲಿಲ್ಲ.

ಕಾಗದ ದೋಹಾಕ್ಕೆ ಹೋಗಿದೆ. ಗಾಜು ಹಾಕುತ್ತಾರೋ, ಬಣ್ಣ ಬಳಿಯುತ್ತಾರೋ.
ಗುಲ್‌ಜಮಾನ್ ತನ್ನ ರೊಟ್ಟಿ ಸುತ್ತುವ ಬಟ್ಟೆ ಬಿಚ್ಚಿ
ಧೂಳು ಕೂರದ ಹಾಗೆ ಅದರ ಮೇಲೆ ಕಟ್ಟಿದ.
ಸಂಜೆ ಕತ್ತಿ ತೊಳೆಯಲು ಬಾಟಲಿ ಬಗ್ಗಿಸಿದವನು
ಅರ್ಧಕ್ಕೇ ನಿಲ್ಲಿಸಿ ಮುಚ್ಚಳ ತಿರುವಿದ.

ರಾತ್ರಿ ಅಮ್ಮ: "ಇವತ್ತ್ ಎಂತ ವ್ಯಾಪಾರ?"
ಒಂದು ಹಳೇ ಲೆಕ್ಕ ಸಿಕ್ಕಿತು ಅಂದೆ.
ಲೈನಿನಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿ.
"ಬಾಕಿ ಯಾರ್ದ್ ಮಗಾ?"