ಕಾರಣ: ಇತರೆ

ಮತ್ತಿಕೆರೆ, ಅತ್ತಿಮರದ ನೆತ್ತಿಯ ಮೇಲೆ
ಹನ್ನೊಂದು ಸಾವಿರ ವೋಲ್ಟು.
ಬೆಳಗಿನ ಜಾವ ಫೀಡರ್ ಟ್ರಿಪ್ ಆಯಿತು, ಎತ್ತಿದರು, ನಿಂತಿತು.
ಅಷ್ಟರಲ್ಲಿ ಆಗುವುದು ಆಗಿತ್ತು:
ಎರಡು ತಂತಿಗೆ ಎರಡು ರೆಕ್ಕೆ ತಾಗಿ
ಒಣಗಲು ಹಾಕಿ ಮರೆತ ಕೊಡೆಯಂತೆ ಅವಳು.

ಇಂಥವು ನಮಗೆ ಹೊಸದಲ್ಲ.
ಕೋಲಿನಿಂದ ತಳ್ಳಿದರೆ ಬೀಳುತ್ತದೆ,
ಕಸದ ಗಾಡಿ ಬರುತ್ತದೆ, ಮುಗಿಯಿತು.
ಮುಸ್ತಾಕ ಎತ್ತಿದ ಕೋಲು ಅಲ್ಲೇ ತಡೆದ:
"ಅಣ್ಣಾ, ಎದೆ ಮೇಲೆ ಒಂದು ಕಣ್ಣು
ನಮ್ಮನ್ನೇ ನೋಡ್ತಾ ಇದೆ."

ಸಾರ್, ಒಂದು ಮರಿ ಇದೆ, ಎಂದೆ ಫೋನಿನಲ್ಲಿ.
ಏನು ಮರಿ, ಕುರಿಯದಾ? ಎಂದರು ಸಾಹೇಬರು.
ಲೈನ್ ಕ್ಲಿಯರ್ ಕೊಡಿ ಸಾರ್, ಹತ್ತೇ ನಿಮಿಷ.

ಹತ್ತು ನಿಮಿಷವೆಂದರೆ ಮುನ್ನೂರು ಮನೆ.
ಮಿಕ್ಸಿಯೊಳಗೆ ಅರ್ಧ ಚಟ್ನಿ, ಲಿಫ್ಟಿನೊಳಗೆ ಯಾರೋ,
ಗೀಸರ್ ನಂಬಿ ತಲೆಗೆ ಸೋಪು ಹಚ್ಚಿಕೊಂಡವರು.
ಬಾಲ್ಕನಿಯಿಂದ ಒಬ್ಬರು: "ಏನ್ರೀ, ಬೆಳಿಗ್ಗೆ ಬೆಳಿಗ್ಗೇನೇ!"
ತಂತಿಗೆ ಅರ್ತ್ ಕಟ್ಟಿ ಏಣಿ ಹತ್ತಿದೆ.

ಇಪ್ಪತ್ತೆರಡು ವರ್ಷ ಈ ಕೈಗವಸು ನನ್ನನ್ನು ಉಳಿಸಿದೆ.
ಅವತ್ತು ಮೊದಲ ಸಲ ಅದರ ಮೇಲೆ ಸಿಟ್ಟು ಬಂತು:
ಬೆಚ್ಚಗಿದೆಯೋ ತಣ್ಣಗಿದೆಯೋ
ರಬ್ಬರಿಗೆ ತಿಳಿಯುವುದಿಲ್ಲ.
ಒಂದೊಂದೇ ಉಗುರು ಬಿಡಿಸಿದೆ. ಈ ಕಾಲಿನ ಐದು,
ಆ ಕಾಲಿನ ಐದು, ಹೆಬ್ಬೆರಳ ಕೊಕ್ಕೆ ಎರಡು.
ಬಾಯಿ ಮಾತ್ರ ಬಿಡಲಿಲ್ಲ.
ಸತ್ತ ಮೊಲೆ ಹಲ್ಲಲ್ಲಿ ಕಚ್ಚಿಕೊಂಡಿತ್ತು.
ಕಾದೆ.
ಕೆಳಗೆ ಹಾರ್ನು, ಬೈಗುಳ.
ಹತ್ತು ಹೋಗಿ ಹದಿನೇಳಾಯಿತು.

ಯಲಹಂಕದಾಚೆಯಿಂದ ಜೆಸಿಂತಾ ಮೇಡಂ ಹೇಳಿದ್ದು:
ಬರಿಗೈಲಿ ಮುಟ್ಟಬೇಡಿ. ಹಸುವಿನ ಹಾಲು ಬೇಡ.
ಬಟ್ಟೆ ಸುರುಳಿ ಸುತ್ತಿಡಿ, ಅಪ್ಪಿಕೊಳ್ಳಲಿ.
ಪಕ್ಕದಲ್ಲಿ ಬಿಸಿನೀರಿನ ಬಾಟಲಿ. ಕತ್ತಲು. ಮಾತು ಕಡಿಮೆ.
ಸಂಜೆ ಬರುತ್ತೇನೆ, ಸಿಲ್ಕ್ ಬೋರ್ಡಿನ ದೇವರು ಒಪ್ಪಿದರೆ.

ಅತ್ತೆ ಕೆಂಚಮ್ಮ ಶೂ ಡಬ್ಬಿಯ ಮುಚ್ಚಳ ತೆಗೆದು
ಥೂ, ಪೀಡೆ, ಎಂದು ಒಳಗೆ ಹೋದರು.
ಮಧ್ಯಾಹ್ನ ಬಂದು ನೋಡುತ್ತೇನೆ:
ನನ್ನ ಇನ್ನೊಂದು ಜೊತೆ ಗವಸು ಮೊಣಕೈವರೆಗೆ ಏರಿಸಿ
ತಮ್ಮ ಹಳೇ ಕುಬುಸ ಸುರುಳಿ ಸುತ್ತುತ್ತಿದ್ದಾರೆ,
ಟವೆಲ್ಲು ಒರಟಂತೆ.
"ಬಾವಲಿ ಮನೆಗೆ ನೆಂಟ ಹೋದ್ರೆ
ನಾನೂ ಜೋತಾಡ್ತೀನಿ ನೀನೂ ಜೋತಾಡು ಅಂತಿತ್ತಂತೆ.
ಬಾವಲೀನೇ ನೆಂಟನಾಗಿ ಬಂದ್ರೆ ನಾನೇನನ್ನಲಿ?"
ಅದನ್ನೇ ಕೇಳುತ್ತಿದ್ದರು.
ಅದು ಸೀನಿತು.

ಸಂಜೆ ತಕ್ಕಡಿಯಲ್ಲಿ ನೂರ ಎಂಬತ್ತು ಗ್ರಾಂ,
ಒಂದು ಸೀಬೆಹಣ್ಣು.
ಕುಬುಸದ ಸಮೇತ ಹೋಯಿತು.

ರಾತ್ರಿ ರಿಜಿಸ್ಟರು ಬರೆಯಲು ಕೂತೆ.
ವಿದ್ಯುತ್ ವ್ಯತ್ಯಯದ ಕಾರಣ: ಗಾಳಿ, ಕೊಂಬೆ, ಪಕ್ಷಿ, ಇತರೆ.
ಪಕ್ಷಿ ಎಂದು ಗೀಚಿ ಹೊಡೆದುಹಾಕಿದೆ.
ಹಾಲು ಕುಡಿಯುವುದು ಹೇಗೆ ಪಕ್ಷಿ?

ಶ್ರಾವಣದಲ್ಲಿ ಫೋನು.
"ನಿಮ್ಮದು ನಿನ್ನೆ ರಾತ್ರಿ ಹೋಯ್ತು," ಎಂದರು ಮೇಡಂ.
ಕಂಬದ ಬುಡದಲ್ಲಿ ಕೂತುಬಿಟ್ಟೆ.
ಟೂಲ್ ಬ್ಯಾಗು ಜಾರಿತು, ಸ್ಪ್ಯಾನರು ಚರಂಡಿಗೆ ಬಿತ್ತು.
"ಹಲೋ? ಹಾರಿ ಹೋಯ್ತು ಅಂದೆ ಕಣ್ರೀ,
ಬೇರೆಯವರ ಜೊತೆ. ತಿರುಗಿ ಕೂಡ ನೋಡಲಿಲ್ಲ."

ಕೆಂಚಮ್ಮನಿಗೆ ಹೇಳಿದೆ.
ಕುಬುಸ ವಾಪಸ್ ಕೊಟ್ಟರಾ, ಎಂದು ಕೇಳಿದರು,
ಮುಖ ಒಲೆಯ ಕಡೆ ಮಾಡಿಕೊಂಡು.

ಮರುದಿನ ಲೈನ್ ಕ್ಲಿಯರ್ ಪಡೆದು
ಅತ್ತಿಮರದ ಬಳಿ ಟೇಪು ಹಿಡಿದು ಹತ್ತಿದೆ.
ತಂತಿಗೂ ತಂತಿಗೂ ನಡುವೆ ಅಳೆದರೆ
ಒಬ್ಬ ತಾಯಿ ತೋಳು ಚಾಚುವುದಕ್ಕೆ
ಒಂದು ಗೇಣು ಕಡಿಮೆ.
ತಂತಿಗೆ ರಬ್ಬರ್ ಹೊದಿಕೆ ಬೇಕೆಂದು ಅರ್ಜಿ ಬರೆದಿದ್ದೇನೆ.
ಕಾರಣ ಎಂದಿದ್ದ ಕಡೆ ಜಾಗ ಸಾಲದೆ
ಹಿಂಬದಿಗೂ ಬರೆದೆ.
ಅತ್ತಿ ಮತ್ತೆ ಹಣ್ಣಾಗಿದೆ.
ಉತ್ತರ ಬಂದಿಲ್ಲ.