ಮೂರು ಸೆಕೆಂಡಿನ ಸದ್ದು

ಬೆಳಿಗ್ಗೆ ಮೊದಲ ಸಲ ಕೀಲಿ ತಿರುವಿದಾಗ ಮಾತ್ರ,
ಮೂರೇ ಸೆಕೆಂಡು,
ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದ ಹಾಗೆ.
ಆಮೇಲೆ ಎಣ್ಣೆ ಏರಿ ಎಲ್ಲ ಮೆತ್ತಗೆ.
"ಮಡಗಾಂವಲ್ಲಿ ತೋರಿಸಿದೆ, ಏನೂ ಇಲ್ಲ ಅಂದರು"
ಎನ್ನುತ್ತ ಬಾಂದೇಕರ
ಕಾಳಿ ಸೇತುವೆ ದಾಟಿ ಕೋಡಿಬಾಗಕ್ಕೆ ಬಂದು
ನೀಲಿ ಲಾರಾದ ಬಾನೆಟ್ಟು ಎತ್ತಿ ನಿಲ್ಲಿಸಿದ.

ಇನಾಸ್ ಮೇಸ್ತ್ರಿ ಕಿವಿ ಕೊಡಲಿಲ್ಲ.
ಉದ್ದ ಸ್ಕ್ರೂಡ್ರೈವರಿನ ಮೊನೆ ಎಂಜಿನ್ನಿಗೆ,
ಹಿಡಿ ತಮ್ಮ ದವಡೆಗೆ.
ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತು,
"ಚೈನು ಜೋಲು ಬಿದ್ದಿದೆ" ಅಂದರು.
ಬಾಂದೇಕರನಿಗೆ ಅದೊಂದು ಶೈಲಿ ಅನ್ನಿಸಿರಬೇಕು.

ಟರ್ಬೊ ದೊಡ್ಡದು ಹಾಕಿಸಿದ್ದಾನಂತೆ,
ಮುನ್ನೂರು ಕುದುರೆಯಂತೆ,
ಮುಂದಿನ ತಿಂಗಳು ಘಟ್ಟ ಹತ್ತುವ ಪಂದ್ಯವಂತೆ.
"ಕುದುರೆ ಕಟ್ಟಿದ್ದೀ ಮಾರಾಯ, ಹಗ್ಗ ಹಳೆಯದು."

ಪುಣೆಯಿಂದ ಡಬ್ಬ ಬರಲು ಒಂಬತ್ತು ದಿನ.
ಚೈನು, ಹಲ್ಲುಚಕ್ರ, ಎರಡು ಗೈಡು,
ಹೊಸ ನಮೂನೆಯ ಟೆನ್ಶನರ್
(ಹಳೆಯದರ ಕೊಕ್ಕೆ ಹಿಡಿದದ್ದನ್ನು ಬಿಡುತ್ತಿತ್ತು,
ಮದ್ಯ ಕುಡಿದ ಕಾವಲುಗಾರ).
ಹಳೇ ಚೈನು ಹೊಸ ಚೈನು ಎರಡನ್ನೂ
ಬೆಂಚಿನ ಮೇಲೆ ಎಳೆದು ಮಲಗಿಸಿದೆವು.
ಒಂದು ಅಕ್ಕಿಕಾಳಿನಷ್ಟು ಉದ್ದ ಹೆಚ್ಚು.
ಅಷ್ಟೇ.
ಆ ಅಕ್ಕಿಕಾಳೇ ಬೆಳಿಗ್ಗೆ ಕುಲುಕುತ್ತಿದ್ದದ್ದು.

"ಒಂದು ಹಲ್ಲು ಹಾರಿದರೆ?" ಎಂದೆ.
ಅವರು ನನ್ನ ತುಟಿ ನೋಡುತ್ತಿದ್ದರು.
"ವಾಲ್ವು ಬಾಗಿಲು ತೆರೆದು ನಿಂತಿರುತ್ತದೆ,
ಪಿಸ್ಟನ್ನು ಕೋಣದ ಹಾಗೆ ಓಡಿ ಬರುತ್ತದೆ.
ಇಬ್ಬರದೂ ತಪ್ಪಲ್ಲ, ಪೋರಿ.
ವೇಳೆ ತಪ್ಪು."

ಬಣ್ಣದ ಕೊಂಡಿ ಮೂರು, ಗುರುತು ಮೂರು.
ಮೇಲೆ ಎರಡು ಕೂಡಿದರೆ ಕೆಳಗಿನದು ಜಾರುತ್ತದೆ,
ಕೆಳಗಿನದು ಕೂಡಿಸಿದರೆ ಮೇಲಿನದು ಮುನಿಯುತ್ತದೆ.
ಮಧ್ಯಾಹ್ನದ ಗಂಜಿ ಆರಿ ಕೆನೆ ಕಟ್ಟಿತು.
ಟೆನ್ಶನರಿನ ಪಿನ್ನು ನಾನೇ ಎಳೆದೆ:
ಟಪ್ ಎಂದು ಚೈನು ಬಿಗಿದು
ನನ್ನ ಬೆರಳಿನ ತುದಿಗೂ ತಾಗಿತು ಆ ಬಿಗಿ.
"ಮೋಟರಿಗೆ ಬಿಡಬೇಡ, ಕೈಯಿಂದ ಎರಡು ಸುತ್ತು.
ತಡೆ ಸಿಕ್ಕಿದಲ್ಲಿ ನಿಲ್ಲು, ಜೋರು ಮಾಡಬೇಡ."
ತಡೆ ಸಿಗಲಿಲ್ಲ.
ಮುಚ್ಚಳದ ಅಂಚಿಗೆ ಗೋಂದು ಬಳಿದು,
ಉಪ್ಪುಗಾಳಿ ಒಳಬರದಂತೆ ಶಟರು ಎಳೆದು,
ರಾತ್ರಿಯಿಡೀ ಒಣಗಲು ಬಿಟ್ಟೆವು.

ಇಪ್ಪತ್ತೆರಡು ವರ್ಷ ಬೈತಕೋಲದ ಟ್ರಾಲರುಗಳಲ್ಲಿ,
ಹೊಟ್ಟೆಯೊಳಗಿನ ಎಂಜಿನ್ ಕೋಣೆಯಲ್ಲಿ,
ಡೀಸೆಲ್ಲಿನ ಆ ಗುಡುಗು
ಮೊದಲು ಹಕ್ಕಿಗಳನ್ನು ತಿಂದಿತು,
ಆಮೇಲೆ ಹೆಂಡತಿಯ ಪಿಸುಮಾತು,
ಇಗರ್ಜಿಯ ಸಣ್ಣ ಗಂಟೆ.
ಇದನ್ನು ಅವರು ಯಾರಿಗೂ ಹೇಳಿಲ್ಲ. ನನಗೂ.
ಗಿರಾಕಿಗಳು ಜಂಭ ಅಂದುಕೊಂಡಿದ್ದಾರೆ.

ಬೆಳಿಗ್ಗೆ ಏಳು ಗಂಟೆ, ತಣ್ಣಗಿನ ಎಂಜಿನ್ನು.
ಬಾಂದೇಕರ ಕೀಲಿ ತಿರುವಿದ.
ಒಂದು.
ಎರಡು.
ಮೂರು.
ಮೇಸ್ತ್ರಿ ಎಂಜಿನ್ ನೋಡಲಿಲ್ಲ,
ನನ್ನ ಮುಖ ನೋಡಿದರು.

ಇಲ್ಲ ಅನ್ನುವ ಸದ್ದೂ
ಕೇಳದೇ ಹೋಗುವ ಸದ್ದೂ
ಅವರ ಮಟ್ಟಿಗೆ ಒಂದೇ ತಾನೆ?
ನಾನು ತಲೆಯಾಡಿಸಿದೆ, ತುಸು ಬೇಗನೆ.
ನಂಬದೆ ಸ್ಕ್ರೂಡ್ರೈವರ್ ದವಡೆಗೆ ಒತ್ತಿದರು,
ಬಹಳ ಹೊತ್ತು.
ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಕಡಿಮೆ ಬರೆದರು.

ನೀಲಿ ಕಾರು ಹೊರಟು ತಿರುವು ದಾಟಿತು.
ಹಳೇ ಚೈನನ್ನು ಅಂಗೈಗೆ ಸುತ್ತಿಕೊಳ್ಳುತ್ತ
"ಸೇತುವೆ ಮೇಲೆ ಹೇಗೆ ಹೋಗ್ತಾ ಇದೆ?" ಎಂದರು,
ಕೆಲಸದ ಮಾತಿನ ಹಾಗೆ.
ಹತ್ತಿರ ಹೋಗಿ, ಬೆಳಕಿಗೆ ಮುಖ ಮಾಡಿ ನಿಂತು ಹೇಳತೊಡಗಿದೆ:
ಈಗ ಎರಡನೇ ಗೇರು, ಕೊರಳು ಬಿಗಿ ಇದೆ,
ಈಗ ಮೂರು, ತೆರೆದುಕೊಂಡಿತು,
ಒಂದೇ ಸಮನೆ, ಸೀರೆ ಹರಿದ ಹಾಗೆ ಉದ್ದಕ್ಕೆ,
ಈಗ ನಡು ನದಿ,
ಈಗ ಸದಾಶಿವಗಡದ ಗುಡ್ಡ ಅದನ್ನು ತಿರುಗಿ ನಮಗೇ ಎಸೆಯುತ್ತಿದೆ,
ಈಗ ಸಣ್ಣದು,
ಇನ್ನೂ ಇದೆ,
ಇನ್ನೂ ಇದೆ.