ನೀಲಿ ಇಲ್ಲದ ಕೈ

ಗೆಂಟ್ ನಗರ. ಉತ್ತರದ ಕಿಟಕಿ.
ನಾನೂರು ವರ್ಷದ ಕೊಳೆಯನ್ನು
ಹತ್ತಿಯುಂಡೆಯಲ್ಲಿ ಒರೆಸುತ್ತ ವೀರ್ಲೆ
ಹುಡುಕುತ್ತಾಳೆ,
ಚಿತ್ರದ ಸಿರಿವಂತೆಯ ಮಣಿಕಟ್ಟಿನಲ್ಲಿ
ಹರಿವ ಆ ನೀಲಿಯನ್ನು.

ಸೂಕ್ಷ್ಮದರ್ಶಕದಡಿ ನೀಲಿಯೇ ಇಲ್ಲ.
ಬರೀ ದೀಪದ ಮಸಿ, ಸೀಸದ ಬಿಳಿ:
ಒಲೆಬೂದಿಯ ಬಣ್ಣ.
ಮಿಕ್ಕಿದ್ದೆಲ್ಲ
ಪಕ್ಕದ ಗುಲಾಬಿ ಹೇಳಿದ ಚಾಡಿ.

ಕಾಗದಕ್ಕೊಂದು ತೂತು ಕೊರೆದು
ತನ್ನ ಮಣಿಕಟ್ಟಿನ ಮೇಲಿಟ್ಟಳು.
ಅಲ್ಲೂ ಅದೇ ಬೂದಿ.
ಸರಿಸಿದಳು. ಮತ್ತೆ ನೀಲಿ.

ಅಗಸೆ ಕಿತ್ತೂ ಕಿತ್ತೂ ಕಂದಿದ ಕೈ ಅಜ್ಜಿಯದು.
ನರ ಎಲ್ಲಿದೆ ಎಂದು ದಾದಿ
ಬೆರಳಲ್ಲಿ ತಡವಿ ನೋಡಬೇಕಿತ್ತು.
"ನೀಲಿ ನೆತ್ತರು ದೊಡ್ಡವರದು, ಮಗಾ"
ಅನ್ನುತ್ತಿದ್ದಳು, ಸೂಜಿಯ ಕಡೆ ನೋಡದೆ.

ಮಧ್ಯಾಹ್ನ ಮೋಡ ಕವಿಯಿತು.
ವೀರ್ಲೆ ಬೂದಿ ಕಲೆಸಿದಳು.
ಚಕ್ಕೆಯೆದ್ದ ಅರ್ಧ ಅಂಗುಲ,
ಉಸಿರು ಬಿಗಿಹಿಡಿದು ಒಂದು ಗೆರೆ.

ಒಣಗುವ ಮುನ್ನವೇ
ನೀಲಿಯಾಯಿತು.